ಮುರಗೋಡದಲ್ಲಿ ಹತ್ತು ನಿಮಿಷ

ಕೀಲಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಇಲ್ಲ ಎಂದು ಹೇಳಿದೆ. ಒಡಹುಟ್ಟಿದ ಅಕ್ಕ ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು, ನನ್ನ ಹೊಟೇಲಿನ ಗಲ್ಲಾದ ಮುಂದೆ ನಿಂತು ಸಂಡಾಸಿನ ಕೀಲಿ ಕೇಳಿದಾಗ, "ಬಿಲ್ಡಿಂಗ್ ಮಾಲಕರು ಒಯ್ದಾರ, ಇನ್ನೂ ಕೊಟ್ಟಿಲ್ಲ" ಎಂದೆ. ನಾನು ಅವಳನ್ನು ಎಂದೂ ಬೈದವನಲ್ಲ. ಆದರೆ ಅಂದು ತೆರೆಯಬಹುದಾಗಿದ್ದ ಒಂದು ಬಾಗಿಲನ್ನು ತೆರೆಯಲಿಲ್ಲ.

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಹೋದ ತಿಂಗಳು ಅವಳ ಡಿಪೋದವರು ಒಂದು ಸಣ್ಣ ಸಭೆ ಮಾಡಿದರು. ಅವಳ ಫೋಟೋಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಬ್ಬೊಬ್ಬರೇ ಎದ್ದು ಮಾತಾಡಿದರು. "ಹತ್ತೊಂಬತ್ತು ವರ್ಷದ ನೌಕರಿಯೊಳಗ ಅಕ್ಕಾರ ಸಲುವಾಗಿ ಒಂದ ಗಾಡಿನೂ ಲೇಟಾಗಲಿಲ್ಲ" ಎಂದರು. ಚಪ್ಪಾಳೆ ಹೊಡೆಯುವಂಥ ಸಭೆಯಲ್ಲ, ಆದರೂ ಹಿಂದಿನ ಸಾಲಿನಲ್ಲಿ ಯಾರೋ ಹೊಡೆದರು. ಮನೆಯವರು ಎರಡು ಮಾತಾಡಲಿ ಎಂದು ಮೈಕನ್ನು ನನ್ನ ಕಡೆಗೆ ತಂದರು. ನಾನು ಕೈಮುಗಿದು ಕುಳಿತೇ ಇದ್ದೆ. ಗಾಡಿ ಲೇಟಾಗದಿರಲು ಅಕ್ಕ ಏನು ಮಾಡುತ್ತಿದ್ದಳು ಎಂಬುದು ಅಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಅವಳ ಬಸ್ಸಿನ ಡ್ರೈವರ್ ಚಾಚಾ, ಇನ್ನೊಬ್ಬ ನಾನು. ಚಾಚಾ ತಲೆ ತಗ್ಗಿಸಿ ಕುಳಿತಿದ್ದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿ ಇಲ್ಲ. ಆದರೂ ಅಂದು ಬಾಯಿಂದ ಬರದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಬೈಲಹೊಂಗಲದಿಂದ ಮುರಗೋಡ, ಯರಗಟ್ಟಿ ದಾಟಿ ರಾಮದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಆಳು ಗಿಡ್ಡ, ಧ್ವನಿ ದೊಡ್ಡದು. ಸೀರೆಯ ಮೇಲೆ ಖಾಕಿ ಅಂಗಿ, ತುರುಬಿನಲ್ಲಿ ಸಿಗಿಸಿದ ಪೆನ್ನು. ಬಾಗಿಲಲ್ಲಿ ಜೋತುಬಿದ್ದ ಹುಡುಗರಿಗೆ, "ಒಳಗ ಬರ್ರೋ, ಬಾಗಲದಾಗ ಯಾರ್ದರೆ ಲಗ್ನ ಐತೇನು?" ಎನ್ನುವಳು. ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೆಟ್ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಮ್ಮೆ ಮುದುಕಿಯೊಬ್ಬಳ ಹತ್ತಿರ ಆಧಾರ್ ಕಾರ್ಡ್ ಕೇಳಿದಳು.

"ಮಾರಿ ನೋಡಿದ್ರ ತಿಳಿಯೂದಿಲ್ಲೇನ ತಂಗಿ, ನಾ ಹೆಣ್ಣಮಗಳು ಅಂತ?"

"ನನಗ ತಿಳೀತೈತಬೇ ಯವ್ವಾ. ಈ ಮಷೀನಿಗೆ ಕಣ್ಣಿಲ್ಲಲ್ಲ."

ಇಡೀ ಬಸ್ಸು ನಕ್ಕಿತು. ಮುದುಕಿಯೂ ನಕ್ಕು, ಸೆರಗಿನ ಗಂಟು ಬಿಚ್ಚಿ ಕಾರ್ಡು ತೋರಿಸಿದಳು.

ಜನ ನೋಡಿದ್ದು ಈ ಅಕ್ಕನನ್ನು. ಅವಳ ಹೊಟ್ಟೆಯ ವಿಷಯ ಬಸ್ಸಿನೊಳಗೆ ಗೊತ್ತಿದ್ದುದು ಚಾಚಾ ಒಬ್ಬರಿಗೇ. ಅವರು ಮುನವಳ್ಳಿಯವರು, ಅಕ್ಕನನ್ನು ತಂಗಿ ಎಂದೇ ಕರೆಯುತ್ತಿದ್ದರು. ಅವರ ಗಾಡಿ ಹಳೆಯದು. ಎಂಜಿನ್ನಿನ ಬಾನೆಟ್ಟು ಡ್ರೈವರ್ ಸೀಟಿನ ಬದಿಯಲ್ಲೇ ಬಸ್ಸಿನೊಳಗೆ ಉಬ್ಬಿಕೊಂಡಿತ್ತು. ಹತ್ತು ಕಿಲೋಮೀಟರ್ ಓಡಿದರೆ ಸಾಕು, ಅದು ಹಂಚಿನಂತೆ ಕಾಯುತ್ತಿತ್ತು. ಟಿಕೆಟ್ ಕೊಟ್ಟು ಮುಗಿದ ಮೇಲೆ ಅಕ್ಕ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಗೋಣಿಚೀಲದ ಮಡಿಕೆ ಹಾಕಿ, ಅದಕ್ಕೆ ಹೊಟ್ಟೆ ಒತ್ತಿ ಬಗ್ಗಿ ನಿಲ್ಲುತ್ತಿದ್ದಳು. ನೋಡಿದವರು ಮುಂದಿನ ರಸ್ತೆ ನೋಡುತ್ತಾಳೆ ಎಂದುಕೊಳ್ಳಬೇಕು.

"ಏನ ತಂಗಿ, ಬಾನೆಟ್ ಮ್ಯಾಲ ರೊಟ್ಟಿ ಸುಡಾಕತ್ತೀ ಏನು?"

"ಹೂಂ ಚಾಚಾ. ಒಂದ ಮಗ್ಗಲಾ ಬೆಂದೈತಿ. ಯರಗಟ್ಟಿ ಬರೂದ್ರಾಗ ಹೊಳ್ಳಿ ಹಾಕತೇನಿ."

ಹೊಟ್ಟೆಯ ಈ ಕಾಟ ನೌಕರಿಯಿಂದ ಶುರುವಾದದ್ದಲ್ಲ. ನಾವು ಸಣ್ಣವರಿದ್ದಾಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಸಂಡಾಸು ಇರಲಿಲ್ಲ. ಗಂಡಸರು ಬೇಕೆನಿಸಿದಾಗ ತಂಬಿಗೆ ಹಿಡಿದು ಹಳ್ಳದ ಕಡೆ ನಡೆಯುತ್ತಿದ್ದರು. ಹೆಂಗಸರಿಗೆ ಬೆಳಕು ಹರಿಯುವ ಮುಂಚೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ. ನಡುವೆ ಬಂದರೆ ತಡೆದುಕೊಳ್ಳಬೇಕು. "ತಡಕೊಳ್ಳಾಕ ಬರಬೇಕ ಹೆಣ್ಣಮಕ್ಕಳಿಗೆ" ಎಂದು ಅವ್ವ ಅಕ್ಕನಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದಂತೆಯೇ ಇದನ್ನೂ ಕಲಿಸಿದಳು. ಅಕ್ಕ ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮೂರು ದಿನ, ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡರೆ ಅವ್ವ ಔಡಲೆಣ್ಣೆ ಕುಡಿಸುವಳು. ಒಂದು ದಿನ ಹೈರಾಣಾಗಿ, ಮರುದಿನದಿಂದ ಮತ್ತೆ ಅದೇ ಹಾಡು. ಅಂಥದ್ದರಲ್ಲೂ ಅವಳು ಹತ್ತನೆಯದನ್ನು ಪಾಸು ಮಾಡಿದಳು, ಕಂಡಕ್ಟರ್ ಪರೀಕ್ಷೆಯನ್ನೂ ಗೆದ್ದಳು. ಮದುವೆಯಾಗಿ ಬೈಲಹೊಂಗಲದಲ್ಲೇ ಇದ್ದಳು. ಅವಳ ಗಂಡ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಮನುಷ್ಯ. ಒಬ್ಬಳೇ ಮಗಳು, ಅವಳನ್ನು ಕಿತ್ತೂರಿಗೆ ಕೊಟ್ಟಿದ್ದಾರೆ.

ಬಸ್ ಸ್ಟ್ಯಾಂಡುಗಳಲ್ಲಿ ಸಂಡಾಸು ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ಕಂಡಕ್ಟರ್ ಆದವಳ ಹೆಗಲಲ್ಲಿ ರೊಕ್ಕದ ಚೀಲವಿರುತ್ತದೆ, ಕೈಯಲ್ಲಿ ಟಿಕೆಟ್ ಮಷೀನು. ಎರಡನ್ನೂ ಒಳಗೆ ಒಯ್ಯಲು ಬರುವುದಿಲ್ಲ, ನೆಲಕ್ಕಿಡಲು ಬರುವುದಿಲ್ಲ, ಕಂಡವರ ಕೈಗೆ ಕೊಡಲು ಬರುವುದಿಲ್ಲ. ಗಾಡಿ ತಿರುಗಿಸುವ ಊರಿನಲ್ಲಿ ಚಾಚಾ ಬಸ್ಸು ಬಂದ ಹೊತ್ತಿನ ಎಂಟ್ರಿ ಹಾಕಿಸಲು ಕಂಟ್ರೋಲರ ಹತ್ತಿರ ಹೋಗಿರುತ್ತಾರೆ. ಒಮ್ಮೆ ಪರಿಚಯದ ಹೂವಿನವಳ ಕೈಯಲ್ಲಿ ಕೊಟ್ಟು ಹೋಗಿದ್ದಕ್ಕೆ ಅಕ್ಕ ಮೇಲಿನವರಿಂದ ಬೈಸಿಕೊಂಡಿದ್ದಳು. ಇಡೀ ದಾರಿಯಲ್ಲಿ ಅವಳು ಚೀಲ ಇಳಿಸಬಹುದಾದ ಜಾಗ ಒಂದೇ ಇತ್ತು. ಅದು ಮುರಗೋಡದ ಸ್ಟ್ಯಾಂಡಿನ ಎದುರಿಗಿರುವ ನನ್ನ ಹೊಟೇಲು.

ಹೊಟೇಲು ಎಂದರೆ ಚಹಾ, ಮಿರ್ಚಿ ಭಜಿ, ಬೆಳಿಗ್ಗೆ ಉಪ್ಪಿಟ್ಟು. ಹಿಂದೆ ತಗಡಿನ ಬಾಗಿಲಿನ ಒಂದು ಸಂಡಾಸು. ಆ ಸಾಲಿನ ಅಂಗಡಿಯವರಿಗೆಲ್ಲ ಅದೊಂದೇ. ಕೀಲಿ ನನ್ನ ಹತ್ತಿರ ಇರುತ್ತಿತ್ತು. ಯಾರೂ ಕಳೆಯದಿರಲಿ ಎಂದು ಅದಕ್ಕೆ ಒಂದು ದೊಡ್ಡ ಸ್ಟೀಲ್ ಚಮಚೆ ಕಟ್ಟಿದ್ದೆ. ಬಸ್ಸು ಮುರಗೋಡದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಕ್ಕ ಇಳಿದು ಬಂದು ಚೀಲ, ಮಷೀನು ಎರಡನ್ನೂ ಗಲ್ಲಾದ ಒಳಬದಿಗಿಟ್ಟು, ಕೀಲಿ ತೆಗೆದುಕೊಂಡು ಹಿಂದಕ್ಕೆ ಹೋಗುತ್ತಿದ್ದಳು. ಬಂದ ಮೇಲೆ ನನ್ನ ಹೆಂಡತಿ ಬಿಸಿನೀರು ಕೊಡುವಳು. ಅವರಿಬ್ಬರ ನಡುವೆ ಒಂದು ಮಾತಿತ್ತು.

"ಅಕ್ಕಾರ, ಇವತ್ತ ಗಾಡಿ ಬಿಟ್ಟಿತೇನ್ರಿ?"

"ಇಲ್ಲ ತಂಗಿ. ಬರೇ ಹಾರ್ನ್ ಹೊಡದ ಅಲ್ಲೇ ನಿಂತೈತಿ."

ಹೊಟ್ಟೆ ಎಲ್ಲಿ ನೋಯುತ್ತದೆ, ಎಷ್ಟು ದಿನವಾಯಿತು, ಯಾವ ಪುಡಿ ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನೆಲ್ಲ ಅವಳು ಹೇಳಿಕೊಳ್ಳುತ್ತಿದ್ದುದು ಅಲ್ಲಿ, ಒಲೆಯ ಹಿಂದೆ ನಿಂತು. ಗಂಡನ ಮುಂದೆ ಹೇಳುತ್ತಿರಲಿಲ್ಲ, ಮಗಳಿಗೆ ಫೋನಿನಲ್ಲಿ ಹೇಳುತ್ತಿರಲಿಲ್ಲ. ನಾನು ಭಜಿ ತಿರುವುತ್ತ ಅರ್ಧ ಕೇಳುತ್ತಿದ್ದೆ.

ಮಲಬದ್ಧತೆ ಇದ್ದವರಿಗೆ ಹತ್ತು ನಿಮಿಷ ಸಾಲುವುದಿಲ್ಲ. ಕೆಲವು ದಿನ ಹನ್ನೆರಡಾಗುತ್ತಿತ್ತು, ಹದಿನಾಲ್ಕಾಗುತ್ತಿತ್ತು. ಆಗ ಚಾಚಾ ಒಂದು ಆಟ ಹೂಡುತ್ತಿದ್ದರು. ಕಬ್ಬಿಣದ ರಾಡು ಹಿಡಿದು ಕೆಳಗಿಳಿದು ಟಾಯರುಗಳನ್ನು ಒಂದೊಂದಾಗಿ ಬಡಿಯುವರು. ಯಾರಾದರೂ ಗದ್ದಲ ಮಾಡಿದರೆ, "ಗಾಳಿ ನೋಡಾಕತ್ತೇನ್ರಿ ಸಾಹುಕಾರ್ರ. ನಿಮ್ಮ ಜೀವದ ಸಲುವಾಗಿನ" ಎನ್ನುವರು. ಅಕ್ಕ ಬರುವುದು ಕಂಡ ಕೂಡಲೇ ಟಾಯರಿನಲ್ಲಿ ಗಾಳಿ ಸರಿಯಾಗಿಬಿಡುತ್ತಿತ್ತು. ಹೊರಟ ಮೇಲೆ ಆ ನಾಲ್ಕು ನಿಮಿಷವನ್ನು ರಸ್ತೆಯಲ್ಲಿ ತೀರಿಸುತ್ತಿದ್ದರು. ಅಕ್ಕನಿಗೆ ಅವರು ಯಾವ ಸಂಬಂಧಿಯೂ ಅಲ್ಲ. ಸಂಬಂಧಿ ನಾನು.

ನನ್ನ ಹೊಟೇಲಿನ ಕಟ್ಟೆಯ ಮೇಲೆ ಮುಂಜಾನೆ ಐದಾರು ಮಂದಿ ಖಾಯಂ ಗಿರಾಕಿಗಳು ಕೂರುತ್ತಿದ್ದರು. ಅವರಲ್ಲಿ ಒಬ್ಬ ಮಾತಿನ ಮಲ್ಲ. ಒಂದು ದಿನ ಅಕ್ಕ ಚೀಲ ಇಟ್ಟು ಹಿಂದಕ್ಕೆ ಹೋಗುತ್ತಿದ್ದಾಗ ಅವನು ಎಲ್ಲರಿಗೂ ಕೇಳುವಂತೆ ಅಂದ:

"ಏನ್ರಿ ಮಾಲಕ್ರ, ಜನಾ ಎಲ್ಲಾ ಹೊಟೇಲಿಗೆ ಹೊಟ್ಟಿ ತುಂಬಸಾಕ ಬರ್ತಾರ. ನಿಮ್ಮ ಅಕ್ಕಾರೊಬ್ರ ಖಾಲಿ ಮಾಡಾಕ ಬರ್ತಾರ ನೋಡ್ರಿ!"

ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು ಎಂದು ನಗುವಾಗಲೇ ಗೊತ್ತಿತ್ತು. ಮರುದಿನ ಅವನು ಗಡಿಯಾರ ನೋಡಿ, "ಹನ್ನೊಂದು ನಿಮಿಷ, ಇನ್ನೂ ಹೊರಗ ಬಂದಿಲ್ಲ" ಎಂದ. ಅದರ ಮರುದಿನ, ಭಜಿಯ ಪ್ಲೇಟನ್ನು ಮುಂದೆ ಹಿಡಿದಾಗ ಮೂಗು ಮುಚ್ಚಿದ. ಬಸ್ಸಿನ ಕಿಟಕಿಯಲ್ಲಿದ್ದವರೂ ನೋಡಿ ನಕ್ಕರು. ನನಗೆ ಮೈಯೆಲ್ಲ ಬೆಂಕಿಯಾಯಿತು. ಬೆಂಕಿ ಅವನ ಮೇಲೆ ಬರಬೇಕಿತ್ತು, ಅಕ್ಕನ ಮೇಲೆ ಬಂತು. ಇವಳಿಗೆ ಇಡೀ ಸೀಮೆಯಲ್ಲಿ ನನ್ನ ಅಂಗಡಿಯೇ ಬೇಕೇ ಎನಿಸಿತು.

ಕೀಲಿ ಇಲ್ಲ ಎಂದದ್ದು ಹುಣ್ಣಿಮೆಯ ಹಿಂದಿನ ದಿನ. ಯರಗಟ್ಟಿಯಲ್ಲಿ ಇಳಿದು ಸವದತ್ತಿಯ ಗುಡ್ಡಕ್ಕೆ ಹೋಗುವ ಹೆಂಗಸರು, ಗಂಟುಮೂಟೆ, ಬೇವಿನ ತೊಪ್ಪಲು, ಕೋಳಿಮರಿ ಎಲ್ಲ ಸೇರಿ ಬಸ್ಸು ಉಸಿರು ಕಟ್ಟುವಂತೆ ತುಂಬಿತ್ತು. ಅಕ್ಕ ಜನರನ್ನು ಸರಿಸಿಕೊಂಡು ಇಳಿದು ಬಂದಳು. ತುಟಿ ಒಣಗಿತ್ತು. ಚೀಲವನ್ನು ಹೆಗಲಿನಿಂದ ತೆಗೆಯುತ್ತಲೇ, "ಲಗೂನ ಕೊಡೋ ತಮ್ಮಾ, ಐದ ದಿನ ಆತು. ಇವತ್ತ ಆಗೂ ಹಂಗ ಐತಿ" ಎಂದಳು.

ಕಟ್ಟೆಯ ಮೇಲೆ ಮಾತಿನ ಮಲ್ಲ ಬಾಯಿ ತೆರೆಯಲು ಸಜ್ಜಾಗಿ ಕುಳಿತಿದ್ದ. ಅವನ ಮುಖ ನೋಡಿದೆ. ಆಗಲೇ ನಾನು ಆ ಸುಳ್ಳು ಹೇಳಿದ್ದು. ಹೇಳುವಾಗ ಎಣ್ಣೆಯ ಬಾಣಲೆಯ ಕಡೆ ತಿರುಗಿದೆ.

 ಓರೆಗಣ್ಣಿನಿಂದ ನೋಡಿದೆ. ಅವಳು ನನ್ನ ಮುಖವನ್ನು ನೋಡುತ್ತಿರಲಿಲ್ಲ, ನನ್ನ ಕಿಸೆ ನೋಡುತ್ತಿದ್ದಳು. ಕಿಸೆಯಿಂದ ಆ ಸ್ಟೀಲ್ ಚಮಚೆಯ ಹಿಡಿಕೆ ಗೇಣಷ್ಟು ಹೊರಗೆ ಚಾಚಿಕೊಂಡಿತ್ತು.

"ಇರಲಿ ತಗೋ" ಎಂದಳು. ಇಳಿಸಿದ ಚೀಲವನ್ನು ಮತ್ತೆ ಹೆಗಲಿಗೇರಿಸಿದಳು. ಅಂದು ಬಸ್ಸು ಮುರಗೋಡದಲ್ಲಿ ಆರೇ ನಿಮಿಷ ನಿಂತಿತು. ಚಾಚಾ ರಾಡು ಹಿಡಿದು ಆಗಲೇ ಇಳಿದಿದ್ದರು. ಅವಳು ಹತ್ತಿ ಸೀಟಿ ಊದಿದಾಗ ಅವರು ಒಮ್ಮೆ ಅವಳನ್ನು ನೋಡಿ, ಒಮ್ಮೆ ನನ್ನ ಕಡೆ ನೋಡಿ, ರಾಡನ್ನು ಸೀಟಿನ ಕೆಳಗೆ ಎಸೆದದ್ದು ನನಗೆ ಕೇಳಿಸಿತು.

ಕಟ್ಟೆಯ ಮೇಲೆ ಅಂದು ಯಾರೂ ನಗಲಿಲ್ಲ. ನನಗೆ ಅದೇ ಸಮಾಧಾನವೆನಿಸಿತು.

ಮರುದಿನ ಕೀಲಿ ಕೊಡಬೇಕೆಂದು ಕಾದೆ. ಅಕ್ಕ ಇಳಿಯಲಿಲ್ಲ. ಬಾಗಿಲಲ್ಲಿ ನಿಂತು ಕೈ ಎತ್ತಿದಳು. ಅದರ ಮರುದಿನವೂ ಅಷ್ಟೇ. ಮಾತು ಬಿಟ್ಟಳೆಂದು ಹೇಳಲಾರೆ. ಫೋನ್ ಮಾಡಿದರೆ ಮಾತಾಡುವಳು, ಮಕ್ಕಳ ಶಾಲೆಯ ಸುದ್ದಿ ಕೇಳುವಳು. ಹೊಟ್ಟೆಯ ಸುದ್ದಿಯೊಂದು ಮಾತ್ರ ನಿಂತುಹೋಯಿತು. ನಾನಾಗಿಯೇ ಕೇಳಿದರೆ, "ಎಲ್ಲಾ ಆರಾಮ ಐತಪಾ" ಎನ್ನುವಳು.

"ಅಕ್ಕಾರ ಯಾಕ ಈಗ ಇಳ್ಯೂದಿಲ್ಲ?" ಎಂದು ಹೆಂಡತಿ ಕೇಳಿದಳು.

"ಟೈಮ್ ಇಲ್ಲಂತ. ಗದ್ದಲಾ ಭಾಳ ಆಗೇತಂತ" ಎಂದೆ. ಹೀಗೆ ಎರಡನೆಯ ಸುಳ್ಳು ಹೇಳಿದೆ.

ಮುಂದೆ ಎರಡು ವರ್ಷ ಅವಳು ಹೇಗೆ ದುಡಿದಳು ಎಂಬುದನ್ನು ನಾನು ಅವಳ ಬಾಯಿಂದ ಕೇಳಿದ್ದಲ್ಲ. ಅವಳು ಆಸ್ಪತ್ರೆ ಸೇರಿದ ಮೇಲೆ ಚಾಚಾ ಹೇಳಿದ್ದು. ಡ್ಯೂಟಿಗೆ ಬರುವ ಮುಂಚೆ ಅರ್ಧ ರೊಟ್ಟಿ ತಿನ್ನುತ್ತಿದ್ದಳಂತೆ, ಆಮೇಲೆ ಇಳಿಹೊತ್ತಿನ ತನಕ ಏನೂ ಇಲ್ಲ. ನೀರಿನ ಬಾಟಲಿ ತುಂಬಿಸಿ ತರುತ್ತಿದ್ದಳು, ತುಂಬಿದ್ದು ತುಂಬಿದ ಹಾಗೆಯೇ ತಿರುಗಿ ಒಯ್ಯುತ್ತಿದ್ದಳು. ಪ್ರಯಾಣಿಕರ ಕೂಸು ಅತ್ತರೆ ಅದಕ್ಕೆ ಆ ನೀರು. ಹೊಟ್ಟೆ ಸಡಿಲಾಗಲೆಂದು ರಾತ್ರಿ ಸೋನಾಮುಖಿ ಪುಡಿ ತೆಗೆದುಕೊಳ್ಳುತ್ತಿದ್ದಳು. ಮೊದಲು ಒಂದು ಚಮಚ, ಆಮೇಲೆ ಎರಡು, ಆಮೇಲೆ ಅದೂ ನಡೆಯಲಿಲ್ಲ. ಬೈಲಹೊಂಗಲದ ಒಬ್ಬ ಡಾಕ್ಟರ ಬಾಗಿಲಿನವರೆಗೆ ಹೋಗಿ ತಿರುಗಿ ಬಂದಿದ್ದಳಂತೆ.

"ಯಾಕ ಹೊಳ್ಳಿ ಬಂದಿ ಅಂತ ಕೇಳಿದೆ," ಎಂದರು ಚಾಚಾ. "ನಕ್ಕ ಹೇಳತಾಳ. 'ಚಾಚಾ, ಕುಂತ ಮಂದಿಯೆಲ್ಲಾ ನಮ್ಮ ಗಾಡಿ ಮಂದೀನ. ಏನಾಗೇತ್ರಿ ಅಕ್ಕಾರ ಅಂತ ಒಬ್ಬೊಬ್ಬರ ಕೇಳಾಕತ್ರು. ಏನಂತ ಹೇಳ್ಲಿ?' ಅಂದ್ಲು."

ನಾನು ಆ ಎರಡು ವರ್ಷ ಮಾಡಿದ್ದು ಇಷ್ಟು. ವಾರಕ್ಕೊಮ್ಮೆ ಒಂದು ಡಜನ್ ಬಾಳೆಹಣ್ಣನ್ನು ಬಸ್ಸಿನ ಕಿಟಕಿಯಲ್ಲಿ ಚಾಚಾರ ಕೈಗೆ ಕೊಡುತ್ತಿದ್ದೆ. ಅಕ್ಕನಿಗೆ ಕೊಡ್ರಿ, ಹೊಟ್ಟೆಗೆ ಚಲೋ ಎನ್ನುತ್ತಿದ್ದೆ. ಒಮ್ಮೆ ಅಕ್ಕ ಫೋನಿನಲ್ಲಿ, "ನಿನ್ನ ಬಾಳಿಹಣ್ಣ ಭಾಳ ಶಾಣ್ಯಾ ಅದಾವೋ, ಒಳಗ ಹೋಗಿ ಅಲ್ಲೇ ಮನಿ ಮಾಡ್ಯಾವು" ಎಂದು ನಕ್ಕಳು. ನಾನೂ ನಕ್ಕೆ, ಅವಳಿಗೆ ಸಿಟ್ಟಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಹೋದ ವರ್ಷದ ಪಂಚಮಿಗೆ ಅವಳು ನಮ್ಮ ಮನೆಗೆ ಬಂದಳು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ವಾರದ ಮೊದಲೇ ಉಂಡಿ ಕಟ್ಟಿಡುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ಬೂಂದಿ ಉಂಡಿ. ಅವ್ವ ಇಲ್ಲ, ಅಪ್ಪ ಇಲ್ಲ, ಆದ್ದರಿಂದ ಅವಳ ತವರು ಎಂದರೆ ನಾನೇ. ಅಕ್ಕ ಬಹಳ ಇಳಿದಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೆಂಡತಿ ಐದು ಉಂಡಿ ಇಟ್ಟ ತಾಟು ಕೊಟ್ಟಳು. ಅಕ್ಕ ಒಂದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, ಮತ್ತೆ ತಾಟಿನಲ್ಲೇ ಇಟ್ಟಳು.

"ಆಮ್ಯಾಲ ತಿಂತೇನಿ ತಂಗಿ. ಕಟ್ಟಿಕೊಡು, ಮನಿಗೆ ಒಯ್ತೇನಿ."

ಮನಸ್ಸಿನಲ್ಲಿ ತಪ್ಪು ಇಟ್ಟುಕೊಂಡವನಿಗೆ ಎದುರಿನವರ ಎಲ್ಲ ನಡೆಯೂ ಸಿಟ್ಟಿನಂತೆಯೇ ಕಾಣುತ್ತದೆ. ಮನೆಯಲ್ಲಿ ಹೆಂಡತಿಯ ಕಡೆಯ ನಾಲ್ಕು ಮಂದಿ ಇದ್ದರು. ಅವರ ಎದುರಿಗೇ ಅಂದೆ:

"ಹಳೇದನ್ನೆಲ್ಲಾ ಹೊಟ್ಟ್ಯಾಗ ಇಟಗೊಂಡ ಕುಂತೀ ಏನಕ್ಕಾ? ತವರಮನಿ ಉಂಡಿ ಸುದ್ದಾ ಬ್ಯಾಡಾತೇನು ನಿನಗ?"

ಅವಳು ನನ್ನ ಕಡೆ ತಿರುಗಿದಳು. "ನಿನಗ ಹಂಗ ಅನಸ್ತೈತೇನು?" ಎಂದು ಕೇಳಿದಳು. ಆಮೇಲೆ ತಾಟನ್ನು ತೊಡೆಯ ಮೇಲೆಳೆದುಕೊಂಡು ಶೇಂಗಾ ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ಒಂದು ಮುಗಿಯಿತು, ಎರಡು ಮುಗಿಯಿತು. "ಅಕ್ಕಾರ, ಸಾಕ ಬಿಡ್ರಿ, ಒಣಾ ಐತಿ" ಎಂದು ಹೆಂಡತಿ ತಡೆಯಲು ಹೋದಳು. "ಇರಲಿ ತಂಗಿ, ನಮ್ಮ ತಮ್ಮನ ಮನಿ ಉಂಡಿ" ಎಂದು ಮೂರನೆಯದನ್ನು ತಿಂದಳು, ನಾಲ್ಕನೆಯದನ್ನೂ ತಿಂದಳು. ನಾನು ಸಂತೋಷದಿಂದ ನೋಡುತ್ತ ಕುಳಿತಿದ್ದೆ. ಸಿಟ್ಟಿಲ್ಲ ಎಂದು ತೋರಿಸಲು ಅವಳಿಗೆ ಬೇರೆ ದಾರಿಯನ್ನು ನಾನು ಉಳಿಸಿರಲಿಲ್ಲ.

ಮೂರನೆಯ ದಿನ ಅವಳ ಗಂಡನ ಫೋನು ಬಂತು. ಅಕ್ಕನ ಹೊಟ್ಟೆ ನಗಾರಿಯಂತೆ ಉಬ್ಬಿದೆ, ಗಾಳಿ ಕೂಡ ಹೋಗುತ್ತಿಲ್ಲ, ವಾಂತಿ ನಿಲ್ಲುತ್ತಿಲ್ಲ ಎಂದರು. ಬೈಲಹೊಂಗಲದಲ್ಲಿ ನೋಡಿದವರು ಕೈಚೆಲ್ಲಿ ಬೆಳಗಾವಿಗೆ ಕಳಿಸಿದರು. ಅಲ್ಲಿ ಅದೇ ದಿನ ಆಪರೇಷನ್ ಮಾಡಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟು ಬೆಳೆದು ದಾರಿ ಬೆರಳು ತೂರದಷ್ಟು ಸಣ್ಣದಾಗಿತ್ತಂತೆ. ಉಂಡಿಯ ಶೇಂಗಾ ಅಲ್ಲಿ ಹೋಗಿ ಬಿರಡೆಯಂತೆ ಕುಳಿತಿತ್ತು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಅಲ್ಲಿ ಮಲ ಬೀಳಲು ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿದರು.

ಎಚ್ಚರವಾದ ಮೇಲೆ ಡಾಕ್ಟರು ಅವಳನ್ನು ಒಂದೊಂದಾಗಿ ಕೇಳಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ.

"ರಕ್ತ ಹೋಗ್ತಿತ್ತೇನ್ರಿ ಅಮ್ಮಾ?"

"ಹೂಂ ರೀ. ಒಂದ ವರ್ಷದ ಮ್ಯಾಲಾತು."

"ಯಾರ ಮುಂದೂ ಹೇಳಲಿಲ್ಲೇನು?"

ಅಕ್ಕ ಚೀಲದ ಮೇಲಿನ ಹೊದಿಕೆ ಎಳೆದುಕೊಂಡಳು. "ಹೇಳಾಕ ಒಂದ ಜಾಗಾ ಇತ್ತರಿ," ಎಂದಳು. "ಆಮ್ಯಾಲ ಇರಲಿಲ್ಲ."

ಅವಳು ನನ್ನ ಕಡೆ ನೋಡಿ ಹೇಳಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಡಾಕ್ಟರು ಹೊರಗೆ ಬಂದಾಗ ಅವರ ಹಿಂದೆ ಹೋದೆ. ದಿನವಿಡೀ ತಡೆದುಕೊಂಡಿದ್ದರಿಂದ ಗಂಟಾಯಿತೇ ಎಂದು ಕೇಳಿದೆ. ಹೌದು ಎನ್ನಲಿ ಎಂದು ಒಂದು ಮನಸ್ಸು, ಅಲ್ಲ ಎನ್ನಲಿ ಎಂದು ಇನ್ನೊಂದು ಮನಸ್ಸು. ಅವರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಒಳ್ಳೆಯ ಮನುಷ್ಯ.

"ಹಂಗ ಹೇಳಾಕ ಬರೂದಿಲ್ರಿ," ಎಂದರು. "ಗಂಟು ಬ್ಯಾರೆ ಕಾರಣಕ್ಕ ಬಂದಿರತೈತಿ. ಆದ್ರ ನೀರಿಲ್ದ, ತಡಕೊಂಡ ತಡಕೊಂಡ ಅವರ ನೋವು ಹೆಚ್ಚಾಗಿದ್ದು ಖರೇ. ಒಂದ ವರ್ಷ ಮೊದ್ಲ ಯಾರ ಮುಂದರೆ ರಕ್ತದ್ದು ಹೇಳಿದ್ರ, ಸಣ್ಣದಿದ್ದಾಗ ನಮ್ಮ ಕೈಗೆ ಸಿಗತಿತ್ತು."

ಮನೆಯವರೆಲ್ಲ ಇದನ್ನು ವಿಧಿ ಎಂದು ತೆಗೆದುಕೊಂಡರು. ನನಗೆ ಹಾಗೆ ತೆಗೆದುಕೊಳ್ಳಲಾಗಲಿಲ್ಲ. ಗಂಟು ನನ್ನದಲ್ಲವೆಂದು ಡಾಕ್ಟರು ಹೇಳಿದರು, ಒಪ್ಪಿದೆ. ಆದರೆ ಒಲೆಯ ಹಿಂದೆ ನಿಂತು ನನ್ನ ಹೆಂಡತಿಯ ಮುಂದೆ ಅಕ್ಕ ದಿನಾ ಹೇಳುತ್ತಿದ್ದ ಆ ಎರಡು ಮಾತು ನಿಲ್ಲದೆ ನಡೆದಿದ್ದರೆ, ರಕ್ತದ ಸುದ್ದಿ ಮೊದಲ ವಾರವೇ ಹೆಂಡತಿಯ ಕಿವಿಗೆ ಬೀಳುತ್ತಿತ್ತು. ಅವಳು ಸುಮ್ಮನಿರುವವಳಲ್ಲ. ಅಕ್ಕನ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದೊಯ್ಯುತ್ತಿದ್ದಳು.

ಅಕ್ಕ ಹೊಟ್ಟೆಯ ಮೇಲಿನ ಚೀಲದೊಂದಿಗೆ ಆರು ತಿಂಗಳು ಬದುಕಿದಳು. ಕಿತ್ತೂರಿನಿಂದ ಮಗಳು ಬಂದು ಜೊತೆಗಿದ್ದಳು. ಮೊದಲು ಅಕ್ಕ ಅದರ ಮೇಲೆ ಟವೆಲ್ ಹೊದ್ದುಕೊಂಡು ಯಾರಿಗೂ ಕಾಣದಂತೆ ಮಲಗುತ್ತಿದ್ದಳು. ಆಮೇಲೆ ಅವಳ ಹಳೆಯ ನಾಲಿಗೆ ತಿರುಗಿ ಬಂತು. ನನ್ನ ಹೆಂಡತಿ ನೋಡಲು ಬಂದಾಗ, "ಈಗ ನೋಡು ತಂಗಿ, ಗಾಡಿ ಬೇಕಾದಾಗ ಬಿಡತೈತಿ, ಕಂಡಕ್ಟರನ ಕೇಳೂದ ಇಲ್ಲ" ಎಂದಳು. ಹೆಂಡತಿ ನಗುತ್ತ ಕಣ್ಣೊರೆಸಿಕೊಂಡಳು. ಆ ದಿನ ಮನೆಗೆ ಬಂದು ಹೆಂಡತಿಗೆ ಕೀಲಿಯ ಸಂಗತಿ ಹೇಳಿಬಿಟ್ಟೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ನನ್ನ ಮುಂದ ಹೇಳಿ ಏನ ಮಾಡತೀರಿ? ಅವರ ಮುಂದ ಹೇಳ್ರಿ" ಎಂದಳು.

ಹೇಳಲು ಮೂರು ಸಲ ಹೋದೆ. ಒಮ್ಮೆ ಅಕ್ಕ ನಿದ್ದೆಯಲ್ಲಿದ್ದಳು. ಒಮ್ಮೆ ಅವಳ ಗಂಡ ಇದ್ದರು. ಒಮ್ಮೆ ಯಾರೂ ಇರಲಿಲ್ಲ, ಎಚ್ಚರವೂ ಇದ್ದಳು, ನಾನು ಮುರಗೋಡದ ಮಠದ ಹೊಸ ಬಾಗಿಲಿನ ಸುದ್ದಿ ಹೇಳಿ ಎದ್ದು ಬಂದೆ.

ಎರಡನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಅವಳು ತಿರುಗಿ ಮನೆಗೆ ಹೋಗಲಾರಳೆಂದು ಎಲ್ಲರಿಗೂ ಗೊತ್ತಾಗಿತ್ತು, ಅವಳಿಗೂ. ಒಂದು ಸಂಜೆ, ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತು. ಹೆಂಗಸರ ವಾರ್ಡು. ಪ್ರತಿ ಮಂಚದ ಸುತ್ತಲೂ ನಾಲ್ಕೈದು ಮಂದಿ, ಡಬ್ಬಿ, ಎಳನೀರು. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ನರ್ಸು ದೂರದಲ್ಲಿದ್ದರು. ಅಕ್ಕ ಕಣ್ಣುಬಿಟ್ಟು, "ಚೀಲ ತುಂಬೇತಿ. ಮಗಳನ್ನ ಕರಿ" ಎಂದಳು.

"ನಾ ಮಾಡತೇನಿ."

"ನಿನಗ ಬರೂದಿಲ್ಲ."

"ಹೇಳಿಕೊಡು."

ಪರದೆ ಎಳೆದೆ. ಅವಳು ಮಲಗಿದಲ್ಲೇ ಹೇಳುತ್ತ ಹೋದಳು. ಕ್ಲಿಪ್ ಬಿಚ್ಚು, ಪಾತ್ರೆ ಹಿಡಿ, ಬಾಗಿಸು. "ರೈಟ್... ರೈಟ್... ಹೋಲ್ಡಾನ್!" ಸ್ವಲ್ಪ ಹೊರಗೆ ಚೆಲ್ಲಿತು. ಒರೆಸಿದೆ, ಪಾತ್ರೆ ತೊಳೆದು ತಂದೆ. ವಾಸನೆ ಇತ್ತು. ಅದರಿಂದ ನನಗೆ ಏನೂ ಆಗಲಿಲ್ಲ. ಇಷ್ಟಕ್ಕೇ ಅಲ್ಲವೇ ನಾನು ಅಂದು ಮುಖ ತಿರುಗಿಸಿದ್ದು ಎಂದು ಒಂದು ನಿಮಿಷ ಹಾಗೆಯೇ ನಿಂತಿದ್ದೆ. ಪರದೆ ಸರಿಸಿ ಅವಳ ಎಡಗಡೆಯ ಸ್ಟೂಲಿನ ಮೇಲೆ ಕುಳಿತು, ನೆಲ ನೋಡುತ್ತ ಗಂಟಲಲ್ಲೇ ಹೇಳಿದೆ.

"ಏನಂದಿ?" ಎಂದಳು ಅಕ್ಕ.

ಮತ್ತೆ ಹೇಳಿದೆ. ಈ ಸಲ ಸ್ವಲ್ಪ ಮೇಲೆ.

"ಈ ಕಿವಿ ಹೋಗೇತೋ. ಎಂಜಿನ್ ಮಗ್ಗಲಕ ನಿಂತ ನಿಂತ ಹೋತು. ಜೋರಾಗಿ ಹೇಳು."

ಬಲಗಡೆಗೆ ಹೋಗಿ ಕೂರಬಹುದಿತ್ತು. ಆ ಕಡೆಯ ಕಿವಿಯಲ್ಲಿ ಪಿಸುಗುಟ್ಟಿದ್ದರೆ ಅವಳೊಬ್ಬಳಿಗೇ ಕೇಳುತ್ತಿತ್ತು. ಏಳಲು ಮಂಚದ ಅಂಚು ಹಿಡಿದೆ. ಪಕ್ಕದ ಮಂಚದ ಮುದುಕಿ, ಅವಳ ಸೊಸೆ, ಆಚೆ ಮಂಚದವರೆಲ್ಲ ಅಕ್ಕನ ದೊಡ್ಡ ಧ್ವನಿಗೆ ನಮ್ಮ ಕಡೆಗೇ ನೋಡುತ್ತಿದ್ದರು. ನಾನು ಎದ್ದು ನಿಂತೆ. ಎಡಗಡೆಯಲ್ಲೇ ನಿಂತು ಇಡೀ ವಾರ್ಡಿಗೆ ಕೇಳುವಂತೆ ಹೇಳಿದೆ:

"ಅಕ್ಕಾ, ಅವತ್ತ ಸಂಡಾಸದ ಕೀಲಿ ನನ್ನ ಕಿಸೆದಾಗ ಇತ್ತು. ಮಂದಿ ನಗತಾರಂತ ನಿನಗ ಕೊಡಲಿಲ್ಲ. ನಿನ್ನ ನೋಡಿ ಅವರ ಕೂಡ ನಾನೂ ನಕ್ಕೇನಿ. ನಂದ ತಪ್ಪೈತಿ ಅಕ್ಕಾ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋ ಅಂತ ಕೇಳಾಕ ನನಗ ಬಾಯಿಲ್ಲ. ತಪ್ಪಾತು."